ಹಿಡಿಯಲು ನಿಂತವರು

"ಗುರುಗಳೇ, ಕುಸ್ತಿಗೆ ಇಳಿಯುವವನು ಮೊಣಕಾಲಿನ ನೋವನ್ನು ಎದುರಾಳಿಗೆ ತೋರಿಸಬಾರದು ಎಂದು ನೀವೇ ಕಲಿಸಿದ್ದೀರಿ. ಹಾಗಾದರೆ ಭಾರ ಎತ್ತುವ ಪಂದ್ಯಕ್ಕೆ ಇಳಿಯುವವನೂ ಮೈಯಲ್ಲಿರುವ ಕಾಯಿಲೆಯನ್ನು ಬಚ್ಚಿಡಬೇಕಲ್ಲವೇ?"

ಗರಡಿಯ ಕಟ್ಟೆಯ ಮೇಲೆ ಕುಳಿತು ಯಮನೂರಪ್ಪ ಹೀಗೆ ಕೇಳಿದ. ಅವನು ಆ ವರ್ಷ ಮೊದಲ ಸಲ ಪವರ್‌ಲಿಫ್ಟಿಂಗ್ ಪಂದ್ಯಕ್ಕೆ ಹೆಸರು ಕೊಡುವವನಿದ್ದ. ಅವನ ಗುರು ದಾವಲಸಾಬ ವಸ್ತಾದಿ ಹಳೆಯ ಕುಸ್ತಿಪಟು. ಮಣ್ಣಿನ ಅಖಾಡದ ಪಕ್ಕದಲ್ಲೇ ಕಬ್ಬಿಣದ ರಾಡು, ಪ್ಲೇಟುಗಳನ್ನು ತಂದಿಟ್ಟು ಊರಿನ ಹುಡುಗರಿಗೆ ಅದನ್ನೂ ಕಲಿಸುತ್ತಿದ್ದರು. ಅವರು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಿರಣಿಯವನಿದ್ದ. ಜೋಳ, ಗೋಧಿ ಬೀಸಿಕೊಡುವುದು ಅವನ ಕಸುಬು. ಅವನಿಗೆ ಒಬ್ಬಳೇ ಮಗಳು. ಕಾಳಿನ ಚೀಲ ಎತ್ತಿ ಗಿರಣಿಯ ಬಾಯಿಗೆ ಸುರಿಯುವುದು ಅವಳ ಪಾಲಿನ ಕೆಲಸ. ಚೀಲ ಎತ್ತೆತ್ತಿ ಅವಳ ಬೆನ್ನು ಗಟ್ಟಿಯಾಗಿತ್ತು. ಹುಡುಗಿ ಎಷ್ಟು ಗಟ್ಟಿ ನೋಡು ಎಂದು ಜನ ಹೊಗಳುತ್ತಿದ್ದರು.

ಜನರಿಗೆ ಗೊತ್ತಿಲ್ಲದ್ದು ಒಂದಿತ್ತು. ಚಿಕ್ಕಂದಿನಲ್ಲೇ ಆ ಹುಡುಗಿಗೆ ಸಕ್ಕರೆ ಕಾಯಿಲೆ ಬಂದಿತ್ತು. ವಯಸ್ಸಾದ ಮೇಲೆ ಬರುವಂಥದ್ದಲ್ಲ, ಮಕ್ಕಳಿಗೆ ಬರುವಂಥದ್ದು. ಮೈ ತಾನಾಗಿ ಇನ್ಸುಲಿನ್ ಮಾಡುವುದನ್ನು ನಿಲ್ಲಿಸುತ್ತದೆ. ಅದನ್ನು ಸೂಜಿಯಲ್ಲಿ ಹಾಕಿಕೊಳ್ಳಬೇಕು. ಊಟಕ್ಕೆ ಮುಂಚೆ ಹಾಕಿಕೊಂಡರೆ ಊಟ ಮಾಡಲೇಬೇಕು. ಸೂಜಿ ತಪ್ಪಿದರೆ ಸಕ್ಕರೆ ಏರುತ್ತದೆ. ಸೂಜಿ ಚುಚ್ಚಿಕೊಂಡು ಊಟ ತಪ್ಪಿದರೆ ಸಕ್ಕರೆ ಇಳಿಯುತ್ತದೆ. ಕೈ ನಡುಗುತ್ತದೆ, ಬೆವರು ಒಡೆಯುತ್ತದೆ, ಕಣ್ಣು ಮಂಜಾಗುತ್ತದೆ. ಆ ಕಾಯಿಲೆಯ ಜೊತೆ ಬದುಕುವುದೆಂದರೆ ಇಷ್ಟೇ. ತಿಳಿದು ನಡೆದರೆ ಮುಪ್ಪಿನವರೆಗೂ ಬದುಕಬಹುದು, ದುಡಿಯಬಹುದು, ಹೆರಬಹುದು, ಕುಣಿಯಬಹುದು.

ಆದರೆ ತಾಯಿ ಅದನ್ನು ಕಳಂಕ ಎಂದುಕೊಂಡಳು. ಅವಳದೊಂದೇ ತಪ್ಪಲ್ಲ. ಗಂಡಿಗೆ ಮೂರ್ಛೆ ಇದ್ದರೆ, ಕುಡಿತ ಇದ್ದರೆ, ತಲೆ ಕೆಟ್ಟಿದ್ದರೆ, ಮದುವೆ ಮಾಡಿ ಸರಿಹೋಗುತ್ತದೆ ಎನ್ನುವ ಜನ ಇವರು. ಹೆಣ್ಣಿನ ಬೆರಳಿಗೆ ಒಂದು ಸೂಜಿ ತಾಗಿದ್ದು ಗೊತ್ತಾದರೆ ಅದೇ ಜನ ಚಪ್ಪಲಿ ಮೆಟ್ಟಿಕೊಂಡು ಎದ್ದು ಹೋಗುತ್ತಾರೆ. ತಾಯಿ ಇದನ್ನು ಕಂಡವಳು. ಆದ್ದರಿಂದ ಸೂಜಿ, ಔಷಧಿ, ಸಕ್ಕರೆ ನೋಡುವ ಮಿಷನ್ನು ಎಲ್ಲವೂ ಟ್ರಂಕಿನಲ್ಲಿ ಸೀರೆಗಳ ಅಡಿಗೆ ಹೋದವು. ಗಂಡನಿಗೂ ಮಗಳಿಗೂ ಬಾಯಿ ಕಟ್ಟಿದಳು.

ಬಚ್ಚಿಡುವುದೆಂದರೆ ಸೆರಗಿನಲ್ಲಿ ಕೆಂಡ ಕಟ್ಟಿಕೊಂಡು ತಿರುಗಿದಂತೆ. ಮದುವೆಯ ಮನೆಯಲ್ಲಿ ಎಲೆಗೆ ಹೋಳಿಗೆ ಬಡಿಸಿದರೆ ಹುಡುಗಿ ಬೇಡ ಎನ್ನುವಂತಿರಲಿಲ್ಲ. ಯಾಕೆ ಬೇಡ ಎಂದು ಯಾರಾದರೂ ಕೇಳಿದರೆ? ಅವಳು ತುಪ್ಪ ಹಾಕಿಸಿಕೊಂಡು ನಗುನಗುತ್ತ ತಿನ್ನುತ್ತಿದ್ದಳು. ಆಮೇಲೆ ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ, ಅಂದಾಜಿನ ಮೇಲೆ ಸೂಜಿ ಚುಚ್ಚಿಕೊಳ್ಳುತ್ತಿದ್ದಳು. ತಿನ್ನಬಾರದ್ದನ್ನು ತಿಂದು, ಅಳೆಯದೆ ಚುಚ್ಚಿಕೊಂಡು, ಆರೋಗ್ಯವಂತಳಂತೆ ಕಾಣುವುದು. ಇದಕ್ಕೆ ಮರ್ಯಾದೆ ಎಂದು ಹೆಸರು.

ಒಮ್ಮೆ ಅವಳ ಡಾಕ್ಟರು ಮೈಗೆ ಕಸರತ್ತು ಇದ್ದರೆ ಸಕ್ಕರೆ ಹಿಡಿತದಲ್ಲಿರುತ್ತದೆ ಎಂದರು. ಚೀಲ ಎತ್ತುತ್ತೇನೆ ಎಂದಳು. ಅದು ನಿನ್ನಪ್ಪನ ಕೆಲಸ, ನಿನಗಾಗಿ ಏನಾದರೂ ಮಾಡು ಎಂದರು ಅವರು. ಆ ಮಾತು ಅವಳ ಮನಸ್ಸಿನಲ್ಲಿ ಕೂತಿತು. ಊರಿನಲ್ಲಿ ಒಬ್ಬ ಕೋಚ್ ಇದ್ದ. ಹಳೆಯ ಗೋಡೌನಿನಲ್ಲಿ ಹೆಣ್ಣುಮಕ್ಕಳಿಗೂ ಪವರ್‌ಲಿಫ್ಟಿಂಗ್ ಕಲಿಸುತ್ತಿದ್ದ. ಹುಡುಗಿ ಅಲ್ಲಿಗೆ ಹೋಗುತ್ತೇನೆಂದಳು. ಡಾಕ್ಟರು ಕಣ್ಣು, ಮೂತ್ರಪಿಂಡ, ಎದೆ ಎಲ್ಲವನ್ನೂ ಪರೀಕ್ಷೆ ಮಾಡಿಸಿ ಒಪ್ಪಿದರು. ಎತ್ತುವ ಮೊದಲು ಸಕ್ಕರೆ ನೋಡಿಕೋ, ಕೈಗೆಟುಕುವಲ್ಲಿ ಸಿಹಿ ಇಟ್ಟುಕೋ, ಪಕ್ಕದಲ್ಲಿ ನಿಂತವರಿಗೆ ನಿನಗೇನಿದೆ ಎಂದು ಹೇಳು ಎಂದು ಕಟ್ಟುನಿಟ್ಟಾಗಿ ತಿಳಿಸಿದರು.

ಮನೆಗೆ ಬಂದಾಗ ತಾಯಿ ತಡೆಯಲಿಲ್ಲ.

"ಎತ್ತು ಬೇಕಾದ್ರ," ಎಂದಳು. "ಆದ್ರ ಬಾಯಿ ಬಿಡಬ್ಯಾಡ."

ಹುಡುಗಿ ಡಾಕ್ಟರ ಮಾತಿನಲ್ಲಿ ತಾಯಿಗೆ ನೋವಾಗದ ಭಾಗವನ್ನು ಮಾತ್ರ ಪಾಲಿಸಿದಳು. ಗೋಡೌನಿನ ಕಕ್ಕಸಿನಲ್ಲಿ ಬಾಗಿಲು ಹಾಕಿಕೊಂಡು ಬೆರಳು ಚುಚ್ಚಿ ಸಕ್ಕರೆ ನೋಡುತ್ತಿದ್ದಳು. ಜೇಬಿನಲ್ಲಿ ಪೆಪ್ಪರಮೆಂಟು ಇಟ್ಟುಕೊಳ್ಳುತ್ತಿದ್ದಳು. ಹೇಳುವುದೊಂದನ್ನು ಬಿಟ್ಟಳು.

ಮೊದಲು ಕೋಚ್ ಅವಳ ಹೆಗಲಿಗೆ ಬರಿಯ ರಾಡನ್ನೇ ಕೊಟ್ಟ. ಚೀಲ ಎತ್ತಿದ ಹುಡುಗಿಗೆ ಅದು ಪುಳ್ಳೆಯಂತೆ ಕಂಡಿತು. ಆದರೆ ಚೀಲಕ್ಕೆ ನಿಯಮವಿಲ್ಲ, ರಾಡಿಗೆ ಇದೆ. ರಾಡು ಹೊತ್ತು ತೊಡೆಯ ಬುಡ ಮೊಣಕಾಲಿಗಿಂತ ಕೆಳಗಿಳಿಯುವವರೆಗೆ ಕೂರಬೇಕು, ಏಳಬೇಕು. ಬೆಂಚಿನ ಮೇಲೆ ಮಲಗಿ ರಾಡನ್ನು ಎದೆಗೆ ತಾಗಿಸಿ ಮೇಲಕ್ಕೆ ದೂಡಬೇಕು. ನೆಲದ ಮೇಲಿನ ರಾಡನ್ನು ಸೊಂಟದವರೆಗೆ ಎತ್ತಿ ನೆಟ್ಟಗೆ ನಿಲ್ಲಬೇಕು. ತೀರ್ಪುಗಾರ ಹೇಳುವ ಮೊದಲು ಅಲುಗಿದರೆ ಎತ್ತಿದ್ದೂ ಎತ್ತಿದಂತಲ್ಲ. ಅವಳು ಕಲಿತಳು. ತಿಂಗಳು ಕಳೆದಂತೆ ಪ್ಲೇಟುಗಳು ಏರಿದವು. ಸಕ್ಕರೆ ಹತೋಟಿಗೆ ಬಂತು. ಕನ್ನಡಿಯ ಮುಂದೆ ನಿಂತಾಗ ತನ್ನ ಮೈ ತನ್ನದು ಎಂದು ಅವಳಿಗೆ ಮೊದಲ ಸಲ ಅನ್ನಿಸಿತು. ಪಂದ್ಯಕ್ಕೆ ಹೆಸರು ಕೊಟ್ಟಳು.

ಪಂದ್ಯ ನಡೆದದ್ದು ಪಕ್ಕದ ಪಟ್ಟಣದ ಕಲ್ಯಾಣ ಮಂಟಪದಲ್ಲಿ. ಮದುಮಕ್ಕಳು ಕೂರುವ ವೇದಿಕೆಯ ಮೇಲೆ ಹಲಗೆ ಹಾಸಿ ರಾಡು ಇಟ್ಟಿದ್ದರು. ಮೊದಲ ಸಾಲಿನಲ್ಲಿ ತಾಯಿ ಕುಳಿತಿದ್ದಳು. ಅವಳ ಪಕ್ಕದಲ್ಲಿ ಹುಡುಗಿಯ ಸೋದರತ್ತೆ. ಆ ಅತ್ತೆ ಒಂದು ಸಂಬಂಧ ತಂದಿದ್ದಳು, ಮಾತು ಇನ್ನೇನು ಕುದುರುವುದರಲ್ಲಿತ್ತು. ಹುಡುಗಿ ಕಬ್ಬಿಣ ಎತ್ತುವುದು ಅತ್ತೆಗೆ ಹಿಡಿಸಿರಲಿಲ್ಲ. ಇರಲಿ, ಮದುವೆಯಾದ ಮೇಲೆ ಬಿಡುತ್ತಾಳೆ ಎಂದು ತಾನೇ ಸಮಾಧಾನ ಮಾಡಿಕೊಂಡಿದ್ದಳು. ಸೂಜಿಯ ಸಂಗತಿ ಅವಳಿಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಎಲ್ಲರ ಮೈತೂಕ ನೋಡಿದರು. ಆಮೇಲೆ ನಾಷ್ಟಾ. ಹುಡುಗಿ ಊಟದ ಮನೆಯ ಸಾಲಿನಲ್ಲಿ ನಿಲ್ಲುವ ಮೊದಲು ಬಚ್ಚಲಿಗೆ ಹೋಗಿ ಸೂಜಿ ಹಾಕಿಕೊಂಡು ಬಂದಳು. ತಟ್ಟೆಗೆ ಉಪ್ಪಿಟ್ಟು ಬಿತ್ತು. ಆಗಲೇ ಮೈಕಿನಲ್ಲಿ ಕೂಗಿದರು: ಅವಳ ತೂಕದ ಹುಡುಗಿಯರೆಲ್ಲ ಕೂಡಲೇ ವೇದಿಕೆಗೆ ಬರಬೇಕು, ನಿಯಮ ಹೇಳುತ್ತಾರೆ, ಕಸರತ್ತು ಶುರು ಮಾಡಬೇಕು. ಉಳಿದ ಹುಡುಗಿಯರು ತಟ್ಟೆ ಇಟ್ಟು ಓಡಿದರು. ಅವರಿಗೇನು, ಹಸಿವಾದರೆ ಹಸಿವು. ಇವಳು ನಿಂತಳು. ಹತ್ತು ನಿಮಿಷ ಕೊಡಿ, ನಾನು ಉಣ್ಣಲೇಬೇಕು ಎಂದಿದ್ದರೆ ಕೊಡುತ್ತಿದ್ದರು. ಹಾಗೆ ಕೇಳಿದರೆ ಯಾಕೆ ಎನ್ನುತ್ತಾರೆ. ಆ ಯಾಕೆಗೆ ಹೆದರಿ ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟು ಹೋದಳು. ಜೇಬಿನಲ್ಲಿದ್ದ ಒಂದು ಪೆಪ್ಪರಮೆಂಟು ಚೀಪಿದಳು. ಸಾಕು ಎಂದುಕೊಂಡಳು.

ಈ ಆಟದಲ್ಲಿ ಒಂದು ಕಠಿಣ ನಿಯಮವಿದೆ. ಮೊದಲು ಎಷ್ಟು ಎತ್ತುತ್ತೇನೆ ಎಂದು ಎತ್ತುವವಳೇ ಹೇಳಬೇಕು. ಹೇಳಿದ ಭಾರದಿಂದ ಮೇಲೇರಬಹುದು, ಕೆಳಗಿಳಿಯುವಂತಿಲ್ಲ. ಪ್ರತಿ ವಿಧಕ್ಕೆ ಮೂರು ಅವಕಾಶ. ಮೂರೂ ತಪ್ಪಿದರೆ ಉಳಿದ ವಿಧಗಳೂ ಇಲ್ಲ, ಗಂಟು ಕಟ್ಟಿಕೊಂಡು ಮನೆಗೆ. ಹುಡುಗಿ ಗೋಡೌನಿನಲ್ಲಿ ಸಲೀಸಾಗಿ ಎತ್ತುತ್ತಿದ್ದ ಭಾರವನ್ನೇ ಹೇಳಿದ್ದಳು.

ಅವಳ ಹೆಸರು ಕರೆದರು. ರಾಡಿನ ಕೆಳಗೆ ಹೋದಾಗ ಅಂಗೈ ಬೆವರಿತ್ತು. ಕೂತಳು. ಏಳಲು ಆಗಲಿಲ್ಲ. ರಾಡಿನ ಎರಡು ತುದಿಗೆ ಇಬ್ಬರು, ಬೆನ್ನ ಹಿಂದೆ ಒಬ್ಬ, ಹೀಗೆ ಹಿಡಿಯುವವರು ನಿಂತಿರುತ್ತಾರೆ. ಅವರು ರಾಡು ಹಿಡಿದು ಎತ್ತಿದರು. ಕೆಂಪು ದೀಪ ಹತ್ತಿತು, ಎಂದರೆ ತಪ್ಪಿತು.

ಕೋಚ್ ಅವಳ ನಡುಗುವ ಕೈ ನೋಡಿದ. ಮೊದಲ ಪಂದ್ಯ, ಹೆದರಿದ್ದಾಳೆ ಎಂದುಕೊಂಡ. ಬೆನ್ನು ತಟ್ಟಿದ. ನೀರು ಕುಡಿಸಿದ. ಧೈರ್ಯ ತುಂಬಿದ. ಧೈರ್ಯದಲ್ಲಿ ಸಕ್ಕರೆ ಇರುವುದಿಲ್ಲ. ಕೆಳಗೆ ಅತ್ತೆ, ಇಷ್ಟು ಜನರ ಕಣ್ಣು ಬಿದ್ದರೆ ದೃಷ್ಟಿಯಾಗದೆ ಇರುತ್ತದೆಯೇ ಎಂದು ಗೊಣಗಿ ಲಟಿಕೆ ಮುರಿದಳು. ತಾಯಿಗೆ ಮಾತ್ರ ತಿಳಿಯಿತು. ಮಗಳ ಮುಖ ಹೀಗೆ ಬಿಳುಚಿಕೊಂಡರೆ ಏನೆಂದು ಅವಳಿಗೆ ಗೊತ್ತಿತ್ತು. ಅವಳ ಸೆರಗಿನ ತುದಿಯಲ್ಲಿ ಬೆಲ್ಲದ ಉಂಡೆ ಕಟ್ಟಿತ್ತು. ಅತ್ತೆ ಪಕ್ಕದಲ್ಲಿದ್ದಳು. ತಾಯಿ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕೂತಳು, ಏಳಲಿಲ್ಲ.

ಎರಡನೆಯ ಸಲ ಹುಡುಗಿಗೆ ತೀರ್ಪುಗಾರನ ಮಾತು ಬಾವಿಯೊಳಗಿಂದ ಬಂದಂತೆ ಕೇಳಿಸಿತು. ಅವನು ಕೂರು ಎನ್ನುವ ಮೊದಲೇ ಕೂತಳು, ಓಲಾಡಿದಳು. ಮತ್ತೆ ಹಿಡಿದರು. ಮತ್ತೆ ಕೆಂಪು.

ಉಳಿದದ್ದು ಒಂದೇ ಅವಕಾಶ. ಅವಳು ಬದಿಗೆ ಬಂದು ಕುರ್ಚಿಯಲ್ಲಿ ಕುಸಿದಳು. ಬೆನ್ನ ಹಿಂದೆ ನಿಂತು ಹಿಡಿದಿದ್ದವನು ಒಬ್ಬ ಬೇಕರಿಯವನು. ಹಿಟ್ಟು ನಾದಿ ನಾದಿ ತೋಳು ಕಂಬದಂತಾಗಿದ್ದವು. ಅವನು ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಅವಳ ಹತ್ತಿರ ಬಂದ. ಅವನ ಮಾತಿನಲ್ಲಿ ಉಪದೇಶ ಇರಲಿಲ್ಲ, ಧೈರ್ಯವೂ ಇರಲಿಲ್ಲ.

"ತಂಗೀ, ಎರಡು ಸಲ ಹಿಡಿದೆ. ಮೊದಲು ಹಿಂದಕ್ಕ ಬಿದ್ದಿ, ಆಮೇಲೆ ಎಡಕ್ಕ ವಾಲಿದಿ. ಈ ಸಲ ಯಾವ ಕಡೆ ಬೀಳ್ತಿ ಅಂತಾದ್ರೂ ಹೇಳವಾ, ನಾನು ಅಲ್ಲೇ ನಿಂದರ್ತೀನಿ."

ಹುಡುಗಿ ಅವನನ್ನು ನೋಡಿದಳು. ಎಂಟು ವರ್ಷ ಅವಳು ಎಲ್ಲರ ಕಣ್ಣು ತಪ್ಪಿಸಿದ್ದಳು. ತನ್ನನ್ನು ಬೀಳಲು ಬಿಡಬಾರದೆಂದೇ ಒಬ್ಬ ನಿಂತಿರುತ್ತಾನೆ, ಅವನ ಕಣ್ಣನ್ನೂ ತಪ್ಪಿಸುತ್ತಿದ್ದೇನೆ ಎಂದು ಅವಳಿಗೆ ಆಗ ಹೊಳೆಯಿತು.

"ನನಗ ಶುಗರ್ ಐತಿ ಅಣ್ಣಾ. ಸೂಜಿ ತಗೊಂಡೀನಿ. ಉಂಡಿಲ್ಲ."

ಬೇಕರಿಯವನು ಟವೆಲನ್ನು ಹೆಗಲಿಗೆ ಹಾಕಿಕೊಂಡ. ಆಮೇಲೆ ಊಟದ ಮನೆಯ ಕಡೆ ತಿರುಗಿ, ಒಲೆಯ ಮುಂದೆ ನಿಂತವನನ್ನು ಕರೆಯುವ ಗಂಟಲಿನಲ್ಲಿ, ಈ ಹುಡುಗಿಗೆ ಶುಗರ್ ಇಳಿದಿದೆ, ಸಕ್ಕರೆ ನೀರು ತನ್ನಿ ಎಂದು ಕೂಗಿದ. ಕಲ್ಯಾಣ ಮಂಟಪಕ್ಕೆಲ್ಲ ಕೇಳಿಸಿತು. ಅತ್ತೆಗೂ ಕೇಳಿಸಿತು.

ಹುಡುಗಿ ಆಕಾಶ ಕಳಚಿ ಬೀಳುತ್ತದೆ ಎಂದುಕೊಂಡಳು. ಬೀಳಲಿಲ್ಲ. ಅಡುಗೆಯವನು ಲೋಟ ತಂದ. ಅವಳ ಎದುರಾಳಿ ಹುಡುಗಿಯೊಬ್ಬಳು ಬಾಳೆಹಣ್ಣು ಸುಲಿದು ಕೈಗಿಟ್ಟಳು. ತೀರ್ಪುಗಾರನೊಬ್ಬ ತನ್ನ ಜೇಬಿನಿಂದ ಗ್ಲೂಕೋಸಿನ ಪುಡಿ ತೆಗೆದ. ಅವನಿಗೂ ಅದೇ ಕಾಯಿಲೆಯಂತೆ, ಹೆಂಡತಿಯ ಹೊರತು ಯಾರಿಗೂ ಗೊತ್ತಿಲ್ಲವಂತೆ. ಕೊನೆಗೆ ತಾಯಿ ಎದ್ದು ಬಂದಳು. ಅತ್ತೆ ಕೈ ಹಿಡಿದು ಎಳೆದರೂ ಬಿಡಿಸಿಕೊಂಡು ಬಂದಳು. ಸೆರಗಿನ ಗಂಟು ಬಿಚ್ಚಿ ಬೆಲ್ಲವನ್ನು ಮಗಳ ಬಾಯಿಗೆ ತುರುಕಿದಳು. ಆಗ ಅತ್ತೆ ಎದ್ದು ಹೊರಗೆ ಹೋದಳು.

ಹುಡುಗಿ ಎಲ್ಲರ ಮುಂದೆ ಬೆರಳು ಚುಚ್ಚಿ ಸಕ್ಕರೆ ನೋಡಿದಳು. ಏರುತ್ತಿತ್ತು, ಸಾಕಾಗುವಷ್ಟು ಏರಿರಲಿಲ್ಲ. ಅಷ್ಟರಲ್ಲಿ ಮೂರನೆಯ ಸಲಕ್ಕೆ ಅವಳ ಹೆಸರು ಕರೆದರು. ಕರೆದ ಮೇಲೆ ಒಂದೇ ನಿಮಿಷ ಕಾಯುತ್ತಾರೆ. ಕೋಚ್ ಕೈ ಬೀಸಿದ. ಇಷ್ಟು ದಿನದ ಬೆವರು ನೀರಿಗೆ ಹೋಗುತ್ತದೆ, ಒಂದು ಸಲ ಹಲ್ಲು ಕಚ್ಚಿ ಎತ್ತಿಬಿಡು ಎಂದ. ಬೇಕರಿಯವನು ಅಡ್ಡ ಬಂದ.

"ಸರ, ಎತ್ತಾಕಿ ಅಕಿ, ಹಿಡಿಯಾಂವ ನಾನು. ನಮ್ಮಿಬ್ಬರ ನಡುವ ನಿಮ್ಮ ಹಲ್ಲು ಯಾಕ್ರಿ?"

ಹುಡುಗಿ ತೀರ್ಪುಗಾರನಿಗೆ ಕೈ ಎತ್ತಿ ಹೇಳಿದಳು, ನಾನು ಇವತ್ತು ಎತ್ತುವುದಿಲ್ಲ. ಮೂರನೆಯ ಅವಕಾಶವೂ ಹೋಯಿತು. ಪಂದ್ಯದಿಂದ ಹೊರಗಾದಳು. ಕುರ್ಚಿಯಲ್ಲಿ ಕೂತು ತಣ್ಣಗಾದ ಉಪ್ಪಿಟ್ಟನ್ನು ಪೂರ್ತಿ ತಿಂದಳು.

ಸಂಬಂಧ ಮುರಿಯಿತು. ಅತ್ತೆ ಊರಿಗೆಲ್ಲ ಸಾರಿದಳು. ಮೊದಲ ವಾರ ತಾಯಿ ಗಿರಣಿಗೆ ಬರಲಿಲ್ಲ. ಮನೆಯೊಳಗೆ ಕೂತು ಅತ್ತಳು. ಗಿರಣಿಯವನಿಗೂ ಮಗಳಿಗೂ ಇಬ್ಬರಿಗೇ ಕೆಲಸ ಸಾಗಲಿಲ್ಲ, ಆದ್ದರಿಂದ ಎರಡನೆಯ ವಾರ ಬರಲೇಬೇಕಾಯಿತು. ಮೂರನೆಯ ವಾರ ಒಬ್ಬ ಹೆಂಗಸು ಜೋಳದ ಡಬ್ಬಿ ಇಟ್ಟು ತಾಯಿಯ ಕಿವಿಯ ಹತ್ತಿರ ಬಾಯಿ ತಂದಳು. ತನ್ನ ಮಗಳಿಗೂ ಅದೇ ಕಾಯಿಲೆ, ಯಾರಿಗೂ ಹೇಳಿಲ್ಲ, ಯಾವ ಡಾಕ್ಟರು, ಎಂಥ ಸೂಜಿ ಎಂದು ಕೇಳಲು ಬಂದಿದ್ದಳು. ಗಿರಣಿಯ ಸಪ್ಪಳದಲ್ಲಿ ಪಿಸುಮಾತು ನಡೆಯುವುದಿಲ್ಲ. ತಾಯಿಗೆ ಒಂದಕ್ಷರವೂ ಕೇಳಿಸಲಿಲ್ಲ.

"ಜೋರಾಗಿ ಹೇಳವಾ," ಎಂದಳು ತಾಯಿ.

ಹೆಂಗಸು ಸುತ್ತ ನೋಡಿದಳು. ಡಬ್ಬಿ ಹಿಡಿದು ಸಾಲಿನಲ್ಲಿ ನಿಂತವರು ಬಹಳ ಮಂದಿ. ಅವಳು ಕಣ್ಣು ಮುಚ್ಚಿ ಜೋರಾಗಿ ಹೇಳಿದಳು. ಸಾಲು ಬಿಟ್ಟು ಯಾರೂ ಓಡಲಿಲ್ಲ. ಹಿಟ್ಟು ಎಲ್ಲರಿಗೂ ಬೇಕಿತ್ತು. ತಾಯಿ ಅಷ್ಟೇ ಜೋರಾಗಿ ಉತ್ತರ ಕೊಟ್ಟಳು: ಸೂಜಿ ಹೇಗೆ ಚುಚ್ಚಬೇಕು, ಔಷಧಿಯನ್ನು ಬಿಸಿಲಿಗೆ ಇಡಬಾರದು, ಮಗು ಬೆವರಿದರೆ ಮೊದಲು ಸಿಹಿ ಕೊಡು, ಆಮೇಲೆ ಬಯ್ಯಿ. ಹೇಳಿ ಮುಗಿಸಿದಾಗ ಅವಳ ಗಂಟಲು ಬಿದ್ದಿತ್ತು, ಮುಖ ಮಾತ್ರ ಹಗುರಾಗಿತ್ತು. ಮುಂದಿನ ತಿಂಗಳಲ್ಲಿ ಇನ್ನೂ ಕೆಲವರು ಬಂದರು. ಅವರಲ್ಲಿ ಒಬ್ಬಳು ಬಂದದ್ದು ತನ್ನ ಮಗಳನ್ನೂ ಕೋಚ್ ಹತ್ತಿರ ಸೇರಿಸಬಹುದೇ ಎಂದು ಕೇಳಲು.

ಮುಂದಿನ ವರ್ಷ ಹುಡುಗಿ ಮತ್ತೆ ಅದೇ ಪಂದ್ಯಕ್ಕೆ ಹೋದಳು. ಹಿಂದಿನ ಸಲಕ್ಕಿಂತ ಕಡಿಮೆ ಭಾರದಿಂದ ಶುರು ಮಾಡುತ್ತೇನೆ ಎಂದಳು. ಕೋಚ್ ಈ ಸಲ ಹಲ್ಲಿನ ಮಾತು ಎತ್ತಲಿಲ್ಲ, ನಿನ್ನ ಸಕ್ಕರೆ ಎಷ್ಟಿದೆ ಎಂದು ಕೇಳಿದ. ಅವಳು ನಾಷ್ಟಾ ಮುಗಿಸಿಯೇ ಎದ್ದಳು. ಮೈಕಿನವನು ಕೂಗಿದ, ಕಾದ. ರಾಡು ಹಿಡಿಯುವ ಮೂವರನ್ನೂ ಹತ್ತಿರ ಕರೆದು ತನಗೇನಿದೆ, ಮುಖ ಹೇಗಾದರೆ ರಾಡು ಕಸಿದುಕೊಳ್ಳಬೇಕು ಎಂದು ತಿಳಿಸಿದಳು. ಆಮೇಲೆ ವೇದಿಕೆ ಹತ್ತಿದಳು. ಕೂತಳು, ಎದ್ದಳು. ಮೂವರು ತೀರ್ಪುಗಾರರ ಮೂರು ದೀಪವೂ ಬಿಳಿ, ಎಂದರೆ ಸರಿ.

ಅಂದು ಅವಳು ಗೆಲ್ಲಲಿಲ್ಲ. ಕೊನೆಯಿಂದ ಎರಡನೆಯವಳಾದಳು. ಆದರೆ ಅವಳು ಎತ್ತಿದ ಒಂದು ಭಾರವೂ ತಪ್ಪಲಿಲ್ಲ, ಮೂವರಲ್ಲಿ ಒಬ್ಬರೂ ರಾಡು ಮುಟ್ಟುವ ಪ್ರಸಂಗ ಬರಲಿಲ್ಲ. ಈಗ ಅವಳು ಆ ಗೋಡೌನಿನಲ್ಲಿ ಸಣ್ಣ ಹುಡುಗಿಯರ ಬೆನ್ನ ಹಿಂದೆ ನಿಲ್ಲುತ್ತಾಳೆ.

ವಸ್ತಾದಿ ಕತೆ ನಿಲ್ಲಿಸಿದರು. ಯಮನೂರಪ್ಪ ಕಟ್ಟೆಯಿಂದ ಇಳಿದು ಕೈಕಟ್ಟಿ ನಿಂತ. ಆಮೇಲೆ ಪಾಠ ಒಪ್ಪಿಸುವವನಂತೆ, "ತಿಳಿಯಿತು ಗುರುಗಳೇ. ಕುಸ್ತಿಯಲ್ಲಿ ಮುಂದೆ ನಿಂತವನು ಬೀಳಿಸಲು ನಿಂತಿರುತ್ತಾನೆ, ಅವನಿಂದ ಬಚ್ಚಿಡಬೇಕು. ಇಲ್ಲಿ ಹಿಂದೆ ನಿಂತವನು ಹಿಡಿಯಲು ನಿಂತಿರುತ್ತಾನೆ, ಅವನಿಗೆ ಹೇಳಬೇಕು," ಎಂದ.

"ಒಂದು ವರ್ಷದಿಂದ ನಿನ್ನ ಬೆನ್ನ ಹಿಂದೆ ನಿಂತಿರುವವನು ನಾನು," ಎಂದರು ವಸ್ತಾದಿ, "ನನಗೆ ಯಾವಾಗ ಹೇಳುತ್ತೀ?"

ಯಮನೂರಪ್ಪನ ಕೈ ತಾನಾಗಿ ಅಂಗಿಯ ಜೇಬಿನಲ್ಲಿ ಬಚ್ಚಿಟ್ಟಿದ್ದ ಮಾತ್ರೆಗಳ ಮೇಲೆ ಹೋಯಿತು.